ರಾಜನ ಗಿಂಡಿ, ರಾಣಿಯ ನಿಂಬೆಗಿಡ

ಬೇವಿನಕೋಟೆ ಅಂತ ಒಂದು ರಾಜ್ಯ. ಆ ರಾಜ್ಯಕ್ಕೆ ಹಾಲಣ್ಣನಾಯಕ ಅಂತ ಒಬ್ಬ ರಾಜ. ಒಳ್ಳೆಯವನೇ. ಆದರೆ ರಾಜ. ರಾಜನಾದ ಮೇಲೆ ಅವನದು ಅಂತ ಯಾವುದನ್ನೂ ಎಸೆಯುವ ಹಾಗಿರಲಿಲ್ಲ. ಅವನ ಉಗುರು ಕತ್ತರಿಸಿದರೆ ಬೆಳ್ಳಿ ಡಬ್ಬಿಯಲ್ಲಿ ಇಡುತ್ತಿದ್ದರು. ಕೂದಲು ಉದುರಿದರೆ ರೇಷ್ಮೆ ಚೀಲದಲ್ಲಿ ಇಡುತ್ತಿದ್ದರು. ಬೆಳಗ್ಗೆ ಎದ್ದು ಅವನು ಮಾಡುವ ಮೊದಲ ಕೆಲಸಕ್ಕೂ ಒಂದು ಬೆಳ್ಳಿ ಗಿಂಡಿ ಇಟ್ಟಿದ್ದರು.

ಮಕ್ಕಳು ನಗಬೇಡಿ. ನಕ್ಕರೂ ಪರವಾಗಿಲ್ಲ. ಆ ಊರಲ್ಲಿ ಮಾತ್ರ ಯಾರೂ ನಗುತ್ತಿರಲಿಲ್ಲ.

ಆ ಗಿಂಡಿಯಲ್ಲಿ ಇರುತ್ತಿದ್ದುದಕ್ಕೆ ನಮ್ಮ ನಿಮ್ಮ ಮನೆಯಲ್ಲಿ ಉಚ್ಚೆ ಅನ್ನುತ್ತಾರೆ. ಅರಮನೆಯಲ್ಲಿ ರಾಜೋದಕ ಅನ್ನುತ್ತಿದ್ದರು. ಹೆಸರು ದೊಡ್ಡದಾದ ಮೇಲೆ ಮರ್ಯಾದೆಯೂ ದೊಡ್ಡದಾಗಬೇಕಲ್ಲ. ಶಂಖ ಊದುವವನು ಮುಂದೆ, ಗಿಂಡಿ ಹಿಡಿದ ಮಂತ್ರಿ ಮಲ್ಲರಸ ಅವನ ಹಿಂದೆ, ಗಿಂಡಿಗೆ ಬಿಸಿಲು ತಾಗದ ಹಾಗೆ ಛತ್ರಿ ಹಿಡಿದವನು ಅವನ ಹಿಂದೆ. ದಿನಾ ಬೆಳಗಾದರೆ ಈ ಮೆರವಣಿಗೆ ಅರಮನೆಯ ತೋಟಕ್ಕೆ ಹೋಗುತ್ತಿತ್ತು. ಯಾವ ಗಿಡದ ಮೇಲೆ ರಾಜನಿಗೆ ಪ್ರೀತಿಯೋ ಆ ಗಿಡದ ಬುಡಕ್ಕೆ ಹೊಯ್ಯುತ್ತಿದ್ದರು. ಅದಕ್ಕೆ ಒಂದು ತೊಟ್ಟು ನೀರು ಬೆರೆಸುವ ಹಾಗಿರಲಿಲ್ಲ. ರಾಜನದ್ದಕ್ಕೆ ನೀರು ಬೆರೆಸುವುದೆಂದರೆ ರಾಜನನ್ನೇ ತೆಳ್ಳಗೆ ಮಾಡಿದ ಹಾಗೆ. ಬೆರೆಸಿದವರಿಗೆ ಗಡೀಪಾರು.

ಮೊದಲು ಸಂಪಿಗೆಗೆ ಹೊಯ್ದರು. ಎಲೆಯ ಅಂಚು ಕರಕಲಾಯಿತು, ಗಿಡ ಒಣಗಿತು. ಆಮೇಲೆ ದಾಳಿಂಬೆಗೆ ಹೊಯ್ದರು. ಅದೂ ಒಣಗಿತು. ಆಮೇಲೆ ಮಲ್ಲಿಗೆಗೆ ಹೊಯ್ದರು. ಅದೂ ಅದೇ ದಾರಿ ಹಿಡಿಯಿತು.

"ಏನಿದು ಮಲ್ಲರಸ?" ಅಂತ ರಾಜ ಕೇಳಿದ.

"ಮೋಕ್ಷ, ಮಹಾಸ್ವಾಮಿ. ತಮ್ಮ ಉದಕ ಬಿದ್ದ ಮೇಲೆ ಆ ಗಿಡಗಳಿಗೆ ಭೂಮಿಯ ಮೇಲೆ ಇನ್ನೇನು ಕೆಲಸ?"

ರಾಜನಿಗೆ ಸಂತೋಷವಾಯಿತು. ಕೆಲವು ವರ್ಷ ಕಳೆಯುವಷ್ಟರಲ್ಲಿ ತೋಟದಲ್ಲಿ ಮೋಕ್ಷ ಸಿಗದೆ ಉಳಿದದ್ದು ಒಂದು ಕಲ್ಲುಬೆಂಚು ಮಾತ್ರ.

ಮಲ್ಲರಸನಿಗೆ ನಿಜ ಗೊತ್ತಿತ್ತು. ಒಂದು ಮಳೆಗಾಲದಲ್ಲಿ ಅವನ ಮನೆಯ ಹಿತ್ತಿಲಿನಲ್ಲಿ ಮರೆತುಬಿಟ್ಟ ಉಚ್ಚೆ ಮಡಕೆಗೆ ಮಳೆನೀರು ತುಂಬಿ ಬದನೆಗಿಡಕ್ಕೆ ಹರಿದಿತ್ತು. ಬದನೆ ಆನೆಮರಿಯ ಹಾಗೆ ಬೆಳೆದಿತ್ತು. ಗಟ್ಟಿಯಾಗಿ ಹೊಯ್ದರೆ ಸುಡುತ್ತದೆ, ನೀರು ಬೆರೆಸಿದರೆ ಬೆಳೆಸುತ್ತದೆ ಅಂತ ಅವನಿಗೆ ಅಂದೇ ಅರ್ಥವಾಯಿತು. ಅವನು ಯಾರಿಗೂ ಹೇಳಲಿಲ್ಲ. ಗೊತ್ತಿದ್ದನ್ನು ಹೇಳದೆ ಇರುವುದರಿಂದಲೇ ಅವನು ಮಂತ್ರಿಯಾಗಿದ್ದ.

ಹೀಗಿರುವಾಗ ರಾಜನಿಗೆ ಮದುವೆಯಾಯಿತು. ರಾಣಿಯಾಗಿ ಬಂದವಳ ಹೆಸರು ಮುದ್ದಾಜಿ. ಅವಳ ಮಡಿಲಲ್ಲಿ ಒಂದು ನಿಂಬೆ ಸಸಿ ಇತ್ತು.

ಅದು ಬೇವಿನಕೋಟೆಯ ಪದ್ಧತಿ. ಸೊಸೆಯಾಗಿ ಬರುವವಳು ತವರಿನಿಂದ ಒಂದು ಸಸಿ ತಂದು ಗಂಡನ ಮನೆಯ ಮಣ್ಣಿನಲ್ಲಿ ನೆಡಬೇಕು. ಮೂರನೆಯ ಯುಗಾದಿಯೊಳಗೆ ಅದು ಫಲ ಬಿಟ್ಟರೆ ಈ ಮನೆಯ ಮಣ್ಣು ಆ ಹೆಣ್ಣನ್ನು ಒಪ್ಪಿತು ಅಂತ ಅರ್ಥ. ಬಿಡದಿದ್ದರೆ ಹೆಣ್ಣನ್ನು ತವರಿಗೆ ವಾಪಸು ಕಳಿಸುವುದು. ಸಸಿಗೆ ನೀರು ಹಾಕದವರನ್ನು ಏನು ಮಾಡಬೇಕು ಅಂತ ಪದ್ಧತಿಯಲ್ಲಿ ಹೇಳಿರಲಿಲ್ಲ. ಪದ್ಧತಿಗಳು ಸಾಮಾನ್ಯವಾಗಿ ಅಂಥದ್ದನ್ನು ಹೇಳುವುದಿಲ್ಲ.

ಮಲ್ಲರಸನಿಗೆ ಒಬ್ಬಳು ಅಣ್ಣನ ಮಗಳಿದ್ದಳು. ಕೆಂಪಾಜಿ ಅಂತ ಹೆಸರು. ಅವಳನ್ನು ರಾಣಿ ಮಾಡಬೇಕು ಅಂತ ಅವನ ಆಸೆ. ಕೆಂಪಾಜಿಗೆ ಅಂಥ ಆಸೆ ಇರಲಿಲ್ಲ. ಅವಳನ್ನು ಯಾರೂ ಕೇಳಿರಲೂ ಇಲ್ಲ.

ಮುದ್ದಾಜಿ ಸಸಿ ನೆಟ್ಟ ದಿನವೇ ಮಲ್ಲರಸ ರಾಜನ ಮುಂದೆ ಕೈಮುಗಿದ. "ಮಹಾಸ್ವಾಮಿ, ಹೊಸ ಅಮ್ಮಣ್ಣಿಯವರ ಸಸಿಗೆ ರಾಜೋದಕದ ಭಾಗ್ಯ ಸಿಗಲಿ."

"ಸಿಗಲಿ" ಅಂದ ರಾಜ. ಹೆಂಡತಿಗೆ ದೊಡ್ಡ ಮರ್ಯಾದೆ ಮಾಡಿದೆ ಅಂತಲೇ ಅವನು ತಿಳಿದಿದ್ದ.

ಅಂದಿನಿಂದ ಮಲ್ಲರಸ ಮೊಗಸಾಲೆಯ ಮೂಲೆಯಲ್ಲಿ ನಿಂತು ಗಿಂಡಿಯಲ್ಲಿದ್ದದ್ದರಲ್ಲಿ ಅರ್ಧವನ್ನು ತನ್ನ ಚೊಂಬಿಗೆ ಬಗ್ಗಿಸಿಕೊಳ್ಳತೊಡಗಿದ. ಉಳಿದರ್ಧವನ್ನು ಶಂಖ ಊದಿಸಿ ರಾಣಿಯ ಸಸಿಗೆ ಗಟ್ಟಿಯಾಗಿಯೇ ಹೊಯ್ಯುತ್ತಿದ್ದ. ಚೊಂಬಿನದನ್ನು ಮನೆಗೆ ಒಯ್ದು, ನೀರು ಬೆರೆಸಿ, ಕೆಂಪಾಜಿಯ ಹೆಸರಿನಲ್ಲಿ ನೆಟ್ಟ ಇನ್ನೊಂದು ನಿಂಬೆ ಸಸಿಗೆ ಹಾಕುತ್ತಿದ್ದ. ಅವನ ಮನೆಯಲ್ಲೂ ಜನರಿದ್ದರು, ಅವರಿಗೂ ದೇವರು ಕೊಟ್ಟದ್ದು ಕೊಟ್ಟಿದ್ದ. ಆದರೆ ಕದ್ದದ್ದರ ರುಚಿಯೇ ಬೇರೆ.

ಮುದ್ದಾಜಿಗೆ ಒಂದು ಅಭ್ಯಾಸವಿತ್ತು. ಉಂಡೆದ್ದರೆ ಬಡಿಸಿದವಳಿಗೆ "ನಿನ್ನ ಹೊಟ್ಟೆ ತಣ್ಣಗಿರಲಿ ಕಣವ್ವ" ಅನ್ನುವಳು. ಮಿಂದೆದ್ದರೆ ನೀರು ಕಾಸಿದವಳಿಗೂ ಅದೇ ಮಾತು. ಬಾಗಿಲು ತೆಗೆದವನಿಗೂ ಅದೇ ಮಾತು. ಅರಮನೆಯಲ್ಲಿ ಯಾರೂ ಯಾರಿಗೂ ಹಾಗೆ ಹೇಳುವ ರೂಢಿ ಇರಲಿಲ್ಲ. ಮೊದಮೊದಲು ಆಳುಗಳು ಹೆದರಿಕೊಂಡರು, ಏನು ತಪ್ಪಾಯಿತೋ ಅಂತ.

ಒಂದು ದಿನ ಮಳೆ ಬಂದು ನಿಂತು ಬಿಸಿಲು ಬಂತು. ಕಲ್ಲುಬೆಂಚಿನ ಮೇಲೆ ಒಂದು ಎರೆಹುಳ ಸಿಕ್ಕಿಕೊಂಡು ಒದ್ದಾಡುತ್ತಿತ್ತು. ಮುದ್ದಾಜಿ ಅದನ್ನು ಎಲೆಯ ಮೇಲೆ ಎತ್ತಿಕೊಂಡು ತನ್ನ ನಿಂಬೆ ಸಸಿಯ ಬುಡದಲ್ಲಿ ಬಿಟ್ಟಳು. ಹುಳ ಒಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ತಲೆ ಹೊರಗೆ ಹಾಕಿತು. ಅಥವಾ ಬಾಲವಿರಬಹುದು. ಎರೆಹುಳದಲ್ಲಿ ಅದು ಹೇಳುವುದು ಕಷ್ಟ.

"ಅಮ್ಮಣ್ಣಿ, ಪ್ರಾಣ ಉಳಿಸಿದಿ. ನಿನ್ನ ಹೊಟ್ಟೆ ತಣ್ಣಗಿರಲಿ. ಆದರೆ ತಂದು ಬಿಟ್ಟಿದ್ದೀಯಲ್ಲ ಜಾಗ, ಒಲೆಯೊಳಗೆ ಬಿಟ್ಟ ಹಾಗಾಯಿತು."

"ಯಾಕಪ್ಪ?"

"ದಿನಾ ಮೇಲಿಂದ ಏನೋ ಸುರೀತಾರಲ್ಲ, ಶಂಖ ಊದಿಕೊಂಡು. ಅದು ಏನು?"

ಮುದ್ದಾಜಿ ಸೆರಗು ಸರಿಮಾಡಿಕೊಂಡು ಹೇಳಿದಳು. "ನಮ್ಮ ಯಜಮಾನರದ್ದು."

"ಉಚ್ಚೆ ಅನ್ನು. ನಾನು ಮಣ್ಣು ತಿನ್ನೋನು, ನನ್ನ ಹತ್ತಿರ ಏನು ನಾಚಿಕೆ. ಬೇಡ ಅನ್ನಲ್ಲ, ಒಳ್ಳೇ ಪದಾರ್ಥ. ಎಲೆ ಹಸಿರಾಗೋಕೆ ಅದರಂಥದ್ದು ಇಲ್ಲ. ಆದರೆ ಗಟ್ಟಿ, ಅಮ್ಮಣ್ಣಿ. ಬೇರು ಸುಡ್ತಾ ಇದೆ. ಸಾರಿಗೆ ಉಪ್ಪು ಜಾಸ್ತಿಯಾದರೆ ಏನು ಮಾಡ್ತೀ?"

"ನೀರು ಬೆರೆಸ್ತೀನಿ."

"ಹತ್ತು ಪಾಲು ಬೆರೆಸು" ಅಂದು ಹುಳ ಒಳಗೆ ಹೋಯಿತು.

ಮುದ್ದಾಜಿ ಸಸಿಯನ್ನು ನೋಡಿದಳು. ಎಲೆಯ ತುದಿಗಳು ಕಂದಾಗಿದ್ದವು. ನೀರು ಬೆರೆಸದಿದ್ದರೆ ಸಸಿ ಸಾಯುತ್ತದೆ, ತವರಿಗೆ ಹೋಗಬೇಕು. ಬೆರೆಸಿದರೆ ಗಡೀಪಾರು, ಆಗಲೂ ತವರಿಗೇ ಹೋಗಬೇಕು. ದಾರಿ ಎರಡು, ಊರು ಒಂದೇ. ಅವಳಿಗೆ ಹೋಗುವ ಮನಸ್ಸಿರಲಿಲ್ಲ. ರಾಜ ಮುಂಗೋಪಿಯಾದರೂ ಅವಳು ಕೆಮ್ಮಿದರೆ ರಾತ್ರಿಯೇ ಎದ್ದು ಕೂರುತ್ತಿದ್ದ.

ಅವಳು ಕಾನೂನನ್ನು ಇನ್ನೊಮ್ಮೆ ಮನಸ್ಸಿನಲ್ಲಿ ತಿರುವಿ ನೋಡಿದಳು. ಗಿಂಡಿಗೆ ನೀರು ಬೆರೆಸಬಾರದು ಅಂತ ಇತ್ತು. ನೆಲ ಒದ್ದೆ ಮಾಡಬಾರದು ಅಂತ ಇರಲಿಲ್ಲ. ರಾಜ ನೀರು ಕುಡಿಯಬಾರದು ಅಂತಲೂ ಇರಲಿಲ್ಲ.

ಆದರೆ ಬೇವಿನಕೋಟೆಯ ರಾಜರು ನೀರು ಕುಡಿಯುತ್ತಿರಲಿಲ್ಲ. ನೀರು ಎತ್ತು ಕುಡಿಯುವ ಪದಾರ್ಥ. ರಾಜರು ಗಟ್ಟಿ ಕೇಸರಿ ಹಾಲು ಕುಡಿಯುತ್ತಿದ್ದರು, ಉಪ್ಪು ಖಾರ ತುಂಬಿದ ಬಾಡು ತಿನ್ನುತ್ತಿದ್ದರು. ಹಾಲಣ್ಣನಾಯಕನ ತಂದೆಗೆ ತಲೆನೋವು, ಉರಿಮೂತ್ರ, ಸಿಟ್ಟು. ಅಜ್ಜನಿಗೂ ತಲೆನೋವು, ಉರಿಮೂತ್ರ, ಸಿಟ್ಟು. ಅದನ್ನೆಲ್ಲ ಕ್ಷಾತ್ರ ತೇಜಸ್ಸು ಅಂತ ಕರೆಯುತ್ತಿದ್ದರು.

ಮೊದಲ ದಿನ ಮುದ್ದಾಜಿ ಶುಂಠಿ, ಕರಿಬೇವು ಹಾಕಿದ ನೀರು ಮಜ್ಜಿಗೆ ತಂದಳು.

"ಇದೇನಿದು, ತೊಳೆದ ನೀರಿನ ಹಾಗಿದೆ" ಅಂದ ರಾಜ.

"ನಮ್ಮ ತವರಿನಲ್ಲಿ ಗಂಡ ಹೆಂಡತಿ ಕೈಯಿಂದ ಮಜ್ಜಿಗೆ ಕುಡಿಯದಿದ್ದರೆ ಅವನಿಗೆ ಇನ್ನೊಬ್ಬಳು ಇದ್ದಾಳೆ ಅಂತ ಅರ್ಥ."

ರಾಜ ಗಟಗಟ ಕುಡಿದ. ಇನ್ನೊಂದು ಲೋಟ ಕೇಳಿದ, ಅನುಮಾನ ಪೂರ್ತಿ ಹೋಗಲಿ ಅಂತ. ಮರುದಿನ ಕಲ್ಲಂಗಡಿ ಹಣ್ಣು. ಅದರ ಮರುದಿನ ಎಳನೀರು. ಹೀಗೆ ಊಟಕ್ಕೊಂದು, ಬಿಸಿಲಿಗೊಂದು, ಸಂಜೆಗೊಂದು. ಇತ್ತ ಸೂರ್ಯ ಹುಟ್ಟುವ ಮೊದಲೇ ಮುದ್ದಾಜಿ ತಾನೇ ಬಾವಿಯಿಂದ ಕೊಡಗಟ್ಟಲೆ ನೀರು ಸೇದಿ ಸಸಿಯ ಬುಡ ನೆನೆಸಿಡುತ್ತಿದ್ದಳು. ಆಮೇಲೆ ಶಂಖ ಬರುತ್ತಿತ್ತು.

ತಿಂಗಳು ಕಳೆಯಿತು. ಸಸಿಯಲ್ಲಿ ಹೊಸ ಚಿಗುರು ಬಂತು. ರಾಜನ ತಲೆನೋವು ಹೋಯಿತು. ಉರಿಯೂ ಹೋಯಿತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ, ಹೋದದ್ದನ್ನೂ ಹೇಳುವ ಹಾಗಿರಲಿಲ್ಲ. ಒಂದು ಸಂಜೆ ಎಳನೀರಿನ ಬುರುಡೆ ಕೆಳಗಿಟ್ಟು, ಎಲ್ಲೋ ನೋಡುತ್ತಾ, "ನಿನ್ನ ಹೊಟ್ಟೆ ತಣ್ಣಗಿರಲಿ" ಅಂದ. ಅರಸನ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ಮುದ್ದಾಜಿ ಬುರುಡೆ ಎತ್ತಿಕೊಂಡು ಒಳಗೆ ಹೋಗಿ, ಸ್ವಲ್ಪ ಹೊತ್ತು ಅಡುಗೆಮನೆಯ ಗೋಡೆಗೆ ಒರಗಿ ನಿಂತಳು.

ಮಲ್ಲರಸನಿಗೆ ಗಿಂಡಿಯ ಬಣ್ಣ ಕಂಡಿತು. ಮೊದಲು ಅರಿಶಿನದ ಹಾಗಿದ್ದದ್ದು ಈಗ ನಿಂಬೆ ಪಾನಕದ ಹಾಗಿತ್ತು. ಅವನು ಗಿಂಡಿಯನ್ನು ನೇರ ಆಸ್ಥಾನಕ್ಕೆ ತಂದ.

"ಮಹಾಸ್ವಾಮಿ, ಅನರ್ಥವಾಗಿದೆ. ಯಾರೋ ರಾಜೋದಕಕ್ಕೆ ನೀರು ಬೆರೆಸಿದ್ದಾರೆ." ಹೇಳುತ್ತಾ ರಾಣಿಯ ಕಡೆಗೆ ನೋಡಿದ.

"ಹೌದು, ಬೆರೆಸಿದ್ದಾರೆ" ಅಂದ ರಾಜ.

"ಯಾರು ಅಂತ ಅಪ್ಪಣೆಯಾದರೆ ಈಗಲೇ ಗಡಿ ದಾಟಿಸುತ್ತೇನೆ."

"ನಾನು. ಎಳನೀರು ಕುಡಿದೆ. ಯಾವ ಗಡಿಯವರೆಗೆ ಬರಬೇಕು ಹೇಳು."

ಮಲ್ಲರಸ ಗಿಂಡಿ ಎತ್ತಿಕೊಂಡು ಹಿಂದೆ ಹಿಂದೆ ನಡೆದು ಬಾಗಿಲು ದಾಟಿದ. ಒಂದನೆಯ ಸಲ ತಪ್ಪಿಸಿಕೊಂಡ.

ಒಂದು ಯುಗಾದಿ ಹೋಯಿತು, ಇನ್ನೊಂದು ಯುಗಾದಿ ಹೋಯಿತು. ನಿಂಬೆಗಿಡ ಆಳೆತ್ತರ ಬೆಳೆಯಿತು. ಎಲೆ ಅಂದರೆ ಎಲೆ, ಕೈ ತೂರಿಸಿದರೆ ಕೈ ಕಾಣದಷ್ಟು ಎಲೆ. ಆದರೆ ಒಂದು ಹೂ ಇಲ್ಲ, ಒಂದು ಮೊಗ್ಗು ಇಲ್ಲ.

"ಗಿಡ ಬಂಜೆ. ತಂದವಳ ಹಣೆಬರಹ" ಅಂತ ಮಲ್ಲರಸ ಮೊಗಸಾಲೆಯಲ್ಲಿ, ಮುದ್ದಾಜಿಗೆ ಕೇಳಿಸುವಷ್ಟು ಮೆಲ್ಲಗೆ ಹೇಳಿದ.

ಮುದ್ದಾಜಿ ಗಿಡದ ಬುಡದಲ್ಲಿ ಕೂತಳು. ಎರೆಹುಳ ಹೊರಗೆ ಬಂತು. ದಪ್ಪಗಾಗಿತ್ತು.

"ಅಳಬೇಡ ಅಮ್ಮಣ್ಣಿ. ಊಟ ಹೆಚ್ಚಾಗಿದೆ, ಅಷ್ಟೇ. ದಿನಾ ಇಷ್ಟು ಬಡಿಸಿದರೆ ಗಿಡ ಬರೀ ಮೈ ಬೆಳೆಸುತ್ತೆ. ಮಕ್ಕಳು ಮರಿ ಅನ್ನೋ ಯೋಚನೆಯೇ ಅದಕ್ಕೆ ಬರಲ್ಲ. ಗಿಂಡಿಯದ್ದು ನಿಲ್ಲಿಸು. ಒಲೆಬೂದಿ ಒಂದು ಬೊಗಸೆ ಹಾಕು."

"ನಿಲ್ಲಿಸೋ ಹಾಗಿಲ್ಲ. ರಾಜೋದಕ ಬೇಡ ಅಂದರೆ ಅವಮಾನ ಅಂತಾರೆ. ನಿಲ್ಲಿಸಿ ಗಿಂಡಿಯದನ್ನ ಏನು ಮಾಡಲಿ?"

"ಮೂಲೆಯಲ್ಲಿ ಒಂದು ಗುಂಡಿ ತೆಗೆಸು. ಒಣಗಿದ ಎಲೆ, ಹುಲ್ಲು, ಹೊಟ್ಟು ತುಂಬಿಸು. ಅದಕ್ಕೆ ಹೊಯ್ದು ಮೇಲೆ ಮತ್ತೆ ಎಲೆ ಮುಚ್ಚು, ವಾಸನೆ ಬರಲ್ಲ. ಒಣ ಎಲೆ ಒಂದೇ ಇದ್ದರೆ ಕೊಳೆಯೋಕೆ ವರ್ಷಗಟ್ಟಲೆ ಬೇಕು. ಇದು ಬಿದ್ದರೆ ಬೇಗ ಮಣ್ಣಾಗುತ್ತೆ. ಉಳಿದದ್ದು ನನಗೂ ನಮ್ಮ ಬಳಗಕ್ಕೂ ಬಿಡು."

ಆವತ್ತು ಮಧ್ಯಾಹ್ನ ರಾಜನಿಗೆ ಹೋಳಿಗೆ ಊಟ. ಒಂದು ಹೋಳಿಗೆ ತಿಂದ. ಎರಡು ತಿಂದ. ಮೂರು ತಿಂದು ಸಾಕು ಅಂದ. ಮುದ್ದಾಜಿ ನಾಲ್ಕನೆಯದನ್ನು ಬಡಿಸಿದಳು. ಅವನು ಕೈ ಅಡ್ಡ ಹಿಡಿದ. ಕೈಯ ಮೇಲೆಯೇ ಐದನೆಯದನ್ನು ಇಟ್ಟಳು. ಅದರ ಮೇಲೆ ತುಪ್ಪ ಹೊಯ್ದಳು.

"ಸಾಕು ಅಂದೆನಲ್ಲ ಮುದ್ದಾಜಿ. ಒಳಗೆ ಜಾಗ ಇಲ್ಲ."

"ಪ್ರೀತಿಯಿಂದ ಬಡಿಸ್ತಿದ್ದೀನಿ. ಬೇಡ ಅಂದರೆ ನನಗೆ ಅವಮಾನವಲ್ಲವೇ?"

"ಹೊಟ್ಟೆ ತುಂಬಿದವನು ಬೇಡ ಅಂದರೆ ಬಡಿಸಿದವರಿಗೆ ಏನು ಅವಮಾನ?"

"ಅದೇ ಮಾತನ್ನು ನನ್ನ ನಿಂಬೆಗಿಡ ಹೇಳ್ತಾ ಇದೆ. ಅದಕ್ಕೆ ಬಾಯಿಲ್ಲ, ಅದಕ್ಕೇ ನಾನು ಹೇಳ್ತಿದ್ದೀನಿ. ಮೂಲೆಯಲ್ಲಿ ಒಂದು ಎಲೆಗುಂಡಿ ತೆಗೆಸ್ತೀನಿ, ಗಿಂಡಿಯದು ಅಲ್ಲಿಗೆ ಹೋಗಲಿ."

ರಾಜ ಕೈಮೇಲಿನ ಹೋಳಿಗೆಯನ್ನೂ ತುಪ್ಪವನ್ನೂ ನೋಡಿದ. ನಕ್ಕ. "ಗುಂಡಿ ತೆಗೆಸು" ಅಂದ.

ಮರುದಿನ ಶಂಖದ ಮೆರವಣಿಗೆ ಎಲೆಗುಂಡಿಗೆ ಹೋಯಿತು. ಮಲ್ಲರಸ ಆಕ್ಷೇಪಿಸಿದ. "ಮಹಾಸ್ವಾಮಿ, ಕಸಕ್ಕೆ ರಾಜೋದಕವೇ?"

"ಕಸಕ್ಕೂ ಮೋಕ್ಷ ಬೇಡವೇ ಮಲ್ಲರಸ?" ಅಂದ ರಾಜ.

ಎರಡನೆಯ ಸಲವೂ ಮಲ್ಲರಸ ತಪ್ಪಿಸಿಕೊಂಡ. ಆದರೆ ಮೊಗಸಾಲೆಯ ಮೂಲೆಯಲ್ಲಿ ಚೊಂಬಿಗೆ ಬಗ್ಗಿಸಿಕೊಳ್ಳುವುದನ್ನು ಬಿಡಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಗುಂಡಿಯ ಎಲೆಯೆಲ್ಲ ಕಪ್ಪು ಮಣ್ಣಾಯಿತು. ಹಿಡಿದು ಮೂಸಿದರೆ ಮೊದಲ ಮಳೆಯ ವಾಸನೆ. ಮುದ್ದಾಜಿ ಅದನ್ನು ಬೂದಿಯ ಜೊತೆ ಗಿಡದ ಸುತ್ತ ಹರಡಿದಳು. ಚಳಿಗಾಲ ಮುಗಿಯುತ್ತಾ ಬಂದಾಗ ಒಂದು ಬೆಳಗ್ಗೆ ತೋಟದ ತುಂಬ ಪರಿಮಳ. ನಿಂಬೆ ಹೂ ಬಿಟ್ಟಿತ್ತು. ಎಷ್ಟೋ ವರ್ಷದಿಂದ ಆ ತೋಟದ ಕಡೆಗೆ ಮುಖ ಹಾಕದಿದ್ದ ಜೇನುಹುಳ ಬಂದವು. ಮುದ್ದಾಜಿ ಜೇನಿಗೂ "ಹೊಟ್ಟೆ ತಣ್ಣಗಿರಲಿ" ಅಂದಳು.

ಆದರೆ ಹೂ ಕಾಯಾಗಬೇಕು, ಕಾಯಿ ಬಲಿಯಬೇಕು, ಬಲಿತದ್ದು ಹಣ್ಣಾಗಬೇಕು. ಮೂರನೆಯ ಯುಗಾದಿ ಬಾಗಿಲಿಗೆ ಬಂದಿತ್ತು. ಗಿಡದಲ್ಲಿ ಇದ್ದದ್ದು ಕಡಲೆಕಾಳಿನ ಗಾತ್ರದ ಹಸಿರು ಮಣಿಗಳು.

ಹಬ್ಬಕ್ಕೆ ಮುಂಚಿನ ಸಂಜೆ ಎರೆಹುಳ ತಾನಾಗಿಯೇ ಹೊರಗೆ ಬಂತು.

"ಅಮ್ಮಣ್ಣಿ, ಒಂದು ಸುದ್ದಿ. ಮಂತ್ರಿಯ ಹಿತ್ತಿಲಿನಲ್ಲಿ ನಮ್ಮ ನೆಂಟರಿದ್ದಾರೆ. ಅಲ್ಲಿಯೂ ಒಂದು ನಿಂಬೆಗಿಡ ಇದೆಯಂತೆ, ಹಣ್ಣೂ ಬಿಟ್ಟಿದೆಯಂತೆ. ಅದಕ್ಕೆ ಬರೋ ಊಟ, ಇಲ್ಲಿಗೆ ಬರೋ ಊಟ ಎರಡೂ ಒಂದೇ ಅಡುಗೆಮನೆಯದು. ಅಲ್ಲಿ ಮಾತ್ರ ಮೊದಲಿಂದಲೂ ನೀರು ಬೆರೆಸಿ, ಗಿಡಕ್ಕೆ ಬೇಕಾದಷ್ಟೇ ಬಡಿಸಿ, ಮಿಕ್ಕದ್ದು ಬದನೆಗೆ ಹಾಕ್ತಾರಂತೆ."

ಮುದ್ದಾಜಿಗೆ ಎಲ್ಲ ಅರ್ಥವಾಯಿತು. ಮೋಕ್ಷ ಪಡೆದ ಸಂಪಿಗೆಯಿಂದ ಹಿಡಿದು ಎಲ್ಲವೂ. ಆದರೆ ಆಸ್ಥಾನದಲ್ಲಿ ನಿಂತು ಎರೆಹುಳ ಹೇಳಿತು ಅಂದರೆ ಯಾರು ನಂಬುತ್ತಾರೆ? ಮಾತು ಮಂತ್ರಿಯ ಬಾಯಿಂದಲೇ ಬರಬೇಕು. ಮಂತ್ರಿಯೋ, ಗೊತ್ತಿದ್ದನ್ನು ಹೇಳದವನು.

ಯುಗಾದಿಯ ದಿನ ಆಸ್ಥಾನ ತುಂಬಿತ್ತು. ಬೇವು ಬೆಲ್ಲ ಹಂಚಿಯಾಗಿತ್ತು. ಮುದ್ದಾಜಿ ಗಿಡದ ಒಂದು ಕೊಂಬೆಯನ್ನು ತಟ್ಟೆಯಲ್ಲಿ ಇಟ್ಟುಕೊಂಡು ನಿಂತಿದ್ದಳು. ಆಸ್ಥಾನದವರು ಕತ್ತು ಉದ್ದ ಮಾಡಿ ಹಸಿರು ಮಣಿಗಳನ್ನು ಹುಡುಕಿದರು.

ಆಗ ಮಲ್ಲರಸ ಬಂದ. ಹಿಂದೆ ಕೆಂಪಾಜಿ, ಹೊಸ ಸೀರೆಯಲ್ಲಿ ಮುಖ ಊದಿಸಿಕೊಂಡು. ಅವಳ ಕೈಯ ಬೆಳ್ಳಿ ತಟ್ಟೆಯಲ್ಲಿ ಒಂದು ನಿಂಬೆಹಣ್ಣು, ಕೋಳಿಮೊಟ್ಟೆ ಗಾತ್ರದ್ದು, ಚಿನ್ನದ ಬಣ್ಣದ್ದು.

"ಮಹಾಸ್ವಾಮಿ, ನಾನು ಯಾರನ್ನೂ ದೂರುವವನಲ್ಲ. ಅಮ್ಮಣ್ಣಿಯವರು ಸಸಿ ನೆಟ್ಟ ದಿನವೇ ನಮ್ಮ ಹುಡುಗಿಯೂ ಒಂದು ನೆಟ್ಟಳು. ಊರು ಒಂದೇ, ಮಣ್ಣು ಒಂದೇ. ಇಲ್ಲಿ ಹಣ್ಣು, ಅಲ್ಲಿ ಮಣಿ. ಮಣ್ಣು ಯಾರನ್ನು ಒಪ್ಪಿದೆ ಅನ್ನುವುದನ್ನು ಮಣ್ಣೇ ಹೇಳಿದೆ."

ಆಸ್ಥಾನದಲ್ಲಿ ಗುಸುಗುಸು ಎದ್ದಿತು. ರಾಜ ಹೆಂಡತಿಯ ಮುಖ ನೋಡಿದ. ಅವನಿಗೆ ಪದ್ಧತಿ ಮುರಿಯುವುದು ಗೊತ್ತಿರಲಿಲ್ಲ. ಅವಳನ್ನು ಬಿಟ್ಟಿರುವುದೂ ಗೊತ್ತಿರಲಿಲ್ಲ.

ಮುದ್ದಾಜಿ ಮುಂದೆ ಬಂದು ಹಣ್ಣನ್ನು ಕೈಗೆ ತೆಗೆದುಕೊಂಡಳು. "ಚೆನ್ನಾದ ಹಣ್ಣು, ಮಂತ್ರಿಗಳೇ. ಗಿಡಕ್ಕೆ ಏನು ಹಾಕಿ ಬೆಳೆಸಿದಿರಿ?"

"ಏನೂ ಇಲ್ಲ, ಅಮ್ಮಣ್ಣಿಯವರೇ. ಬರೀ ಬಾವಿನೀರು."

ಮುದ್ದಾಜಿ ರಾಜನ ಕಡೆ ತಿರುಗಿದಳು. "ಬಾವಿನೀರು ಕುಡಿದ ಗಿಡ ಹಣ್ಣು ಬಿಟ್ಟಿದೆ. ತಮ್ಮ ಉದಕ ಕುಡಿದ ಗಿಡ ಮಣಿ ಬಿಟ್ಟಿದೆ. ಅಂದರೆ ತಮ್ಮದು ಬಾವಿನೀರಿಗಿಂತ ಕಡೆ ಅಂತ ಮಂತ್ರಿಗಳ ಅಭಿಪ್ರಾಯ."

ರಾಜನ ಹುಬ್ಬು ಮೇಲೇರಿತು. "ಹಾಗೇನು ಮಲ್ಲರಸ?"

"ಎಲ್ಲಾದರೂ ಉಂಟೇ ಮಹಾಸ್ವಾಮಿ." ಮಲ್ಲರಸ ಬೆವರು ಒರೆಸಿಕೊಂಡ. "ಬರೀ ನೀರಲ್ಲ. ಹೇಳೋಕೆ ಸಂಕೋಚವಾಯಿತು. ಅದು, ನಮ್ಮ ಮನೆಯದ್ದೇ. ನಾವೇ ದಿನಾ ಮಾಡಿದ್ದು."

"ನಿನ್ನ ಉಚ್ಚೆಯೇ?" ಅಂದ ರಾಜ. ಆ ಆಸ್ಥಾನದಲ್ಲಿ ಆ ಪದ ಕೇಳಿದ್ದು ಅದೇ ಮೊದಲು. ಆಸ್ಥಾನದವರು ಚಾವಣಿ ನೋಡಿದರು.

"ಹೌದು, ಮಹಾಸ್ವಾಮಿ."

"ಹಾಗಾದರೆ ಮಂತ್ರಿಗಳದ್ದು ತಮ್ಮದಕ್ಕಿಂತ ಹೆಚ್ಚು ಅಂತ ಆಯಿತು" ಅಂದಳು ಮುದ್ದಾಜಿ. "ನಾಳೆ ಬೆಳಗ್ಗೆ ಶಂಖದವನು ಯಾರ ಮನೆಗೆ ಹೋಗಬೇಕು ಅಂತ ಅಪ್ಪಣೆಯಾಗಲಿ."

ಶಂಖದವನು ರಾಜನನ್ನೊಮ್ಮೆ, ಮಂತ್ರಿಯನ್ನೊಮ್ಮೆ ನೋಡಿದ. ಅವನಿಗೆ ನಿಜವಾಗಿಯೂ ಚಿಂತೆಯಾಗಿತ್ತು.

ಮಲ್ಲರಸ ದಬಕ್ಕನೆ ನೆಲಕ್ಕೆ ಬಿದ್ದ. "ಇಲ್ಲ ಮಹಾಸ್ವಾಮಿ, ನನ್ನದಕ್ಕೆ ಎಲ್ಲಿಯ ಯೋಗ್ಯತೆ. ನಿಜ ಹೇಳ್ತೀನಿ. ಅದು ತಮ್ಮದೇ. ಈ ಹಣ್ಣು ತಮ್ಮ ರಾಜೋದಕದ ಮಹಿಮೆ."

ಆಸ್ಥಾನದವರು "ಆಹಾ" ಅಂದರು. ಮಲ್ಲರಸನಿಗೆ ಉಸಿರು ಬಂತು. ಒಂದೇ ಉಸಿರು.

"ತಮ್ಮದೇ ಅಂತ ಅವರೇ ಒಪ್ಪಿದರು" ಅಂದಳು ಮುದ್ದಾಜಿ. "ನನ್ನ ಗಿಡದ ಪಾಲನ್ನು ಮನೆಗೆ ಒಯ್ದರು. ಅದು ಹೋಗಲಿ. ಮಂತ್ರಿಗಳೇ, ಒಯ್ದದ್ದನ್ನು ಗಟ್ಟಿಯಾಗಿ ಹೊಯ್ದಿರೋ, ನೀರು ಬೆರೆಸಿ ಹೊಯ್ದಿರೋ? ಗಟ್ಟಿಯಾಗಿ ಹೊಯ್ದಿದ್ದರೆ ಸಂಪಿಗೆಗೆ, ದಾಳಿಂಬೆಗೆ, ಮಲ್ಲಿಗೆಗೆ ಸಿಕ್ಕ ಮೋಕ್ಷ ಈ ಗಿಡಕ್ಕೆ ಯಾಕೆ ಸಿಗಲಿಲ್ಲ?"

ಮಲ್ಲರಸ ಹಣೆಯನ್ನು ನೆಲಕ್ಕೆ ಒತ್ತಿದ. ಹೇಳುವುದಕ್ಕೆ ಇನ್ನೊಂದು ಸುಳ್ಳು ಉಳಿದಿರಲಿಲ್ಲ.

ಹಿಂದೆ ನಿಂತಿದ್ದ ಕೆಂಪಾಜಿ ತಟ್ಟೆಯನ್ನು ಪಕ್ಕದವನ ಕೈಗೆ ಕೊಟ್ಟಳು. "ಚಿಕ್ಕಪ್ಪ ಒಂದು ಚೊಂಬಿಗೆ ಹತ್ತು ಚೊಂಬು ನೀರು ಹಾಕ್ತಾರೆ. ಬಾವಿಯಿಂದ ಸೇದಿ ಸೇದಿ ನನ್ನ ಅಂಗೈ ನೋಡಿ, ಹೇಗಾಗಿದೆ. ನನಗೆ ರಾಣಿಯಾಗೋದು ಬೇಡ. ನನ್ನನ್ನು ಆ ಬಾವಿಯಿಂದ ಬಿಡಿಸಿ, ಸಾಕು."

ರಾಜ ಎದ್ದು ನಿಂತ. ಅವನಿಗೆ ಸಿಟ್ಟು ಬಂದಿತ್ತು, ಆದರೆ ಹಳೆಯ ಸಿಟ್ಟಲ್ಲ. ತಲೆನೋವಿಲ್ಲದ ಸಿಟ್ಟು.

"ನಾನು ಪ್ರೀತಿಸಿದ ಗಿಡವೆಲ್ಲ ನನ್ನ ಪ್ರೀತಿಯಿಂದಲೇ ಸತ್ತಿತು. ನಿನಗೆ ಗೊತ್ತಿತ್ತು. ಹೇಳಲಿಲ್ಲ. ನನ್ನ ಹೆಂಡತಿಯ ಗಿಡವನ್ನು ಗೊತ್ತಿದ್ದೇ ಸುಟ್ಟೆ. ಸಸಿ ಒಣಗಿದರೆ ತಂದವಳ ತಪ್ಪಲ್ಲ, ಉಣಿಸಿದವರ ತಪ್ಪು. ಇವತ್ತಿನಿಂದ ಈ ರಾಜ್ಯದಲ್ಲಿ ಸಸಿಯ ನೆಪ ಹೇಳಿ ಯಾವ ಹೆಣ್ಣನ್ನೂ ವಾಪಸು ಕಳಿಸುವ ಹಾಗಿಲ್ಲ." ರಾಣಿಯ ತಟ್ಟೆಯಲ್ಲಿದ್ದ ಕೊಂಬೆಯನ್ನು ಎತ್ತಿ ಎಲ್ಲರಿಗೂ ತೋರಿಸಿದ. "ಮತ್ತೆ ಇದು ಫಲವೇ. ಹುಟ್ಟಿದ ದಿನವೇ ಮೀಸೆ ಬಂದ ಮಗುವನ್ನು ನಾನಂತೂ ನೋಡಿಲ್ಲ. ಇನ್ನು ಇವನು. ನೀರು ಬೆರೆಸಿದವರಿಗೆ ಗಡೀಪಾರು ಅಂತ ಇವನೇ ಕಾಯುತ್ತಿದ್ದ ಕಾನೂನು."

"ಬೇಡ" ಅಂದಳು ಮುದ್ದಾಜಿ. "ಇಡೀ ಆಸ್ಥಾನದಲ್ಲಿ ಇದನ್ನು ಹದವಾಗಿ ಬೆರೆಸೋಕೆ ಬರೋದು ಇವರೊಬ್ಬರಿಗೆ. ಪಕ್ಕದ ರಾಜ್ಯಕ್ಕೆ ಯಾಕೆ ಕೊಡಬೇಕು? ತಪ್ಪು ಕಾನೂನಿನದೂ ಇದೆ. ಅದನ್ನು ಗಡೀಪಾರು ಮಾಡಿ."

ಹಾಗೇ ಆಯಿತು. ಅಂದಿನಿಂದ ಬೇವಿನಕೋಟೆಯ ಮನೆಮನೆಯ ಹಿತ್ತಿಲಿನಲ್ಲಿ ಒಂದೊಂದು ಮಡಕೆ ಇಟ್ಟರು. ಮಲ್ಲರಸ ಪ್ರತಿದಿನ ಕಾವಡಿ ಹೊತ್ತು ಬಂದು, ಮಡಕೆಗಳನ್ನು ಕೂಡಿಸಿಕೊಂಡು, ಹದವಾಗಿ ನೀರು ಬೆರೆಸಿ ತೋಟಗಳಿಗೆ ಹಾಕಬೇಕು, ಮಿಕ್ಕದ್ದನ್ನು ಎಲೆಗುಂಡಿಗೆ ಹೊಯ್ದು ಮುಚ್ಚಬೇಕು. ಹತ್ತು ಪಾಲು ನೀರನ್ನೂ ಅವನೇ ಸೇದಬೇಕು. ಶಂಖದವನ ಕೆಲಸ ಹೋಗಬಾರದು ಅಂತ ಅವನೂ ಮುಂದೆ ಊದಿಕೊಂಡು ಹೋಗುತ್ತಿದ್ದ. ಕುಂಬಾರರ ಮನೆಯ ಮುಂದೆ ಶಂಖ. ಅಗಸರ ಮನೆಯ ಮುಂದೆ ಶಂಖ. ಅರಮನೆಯ ಮುಂದೆಯೂ ಅದೇ ಶಂಖ. ರಾಜನ ಗಿಂಡಿಯನ್ನೂ ಅದೇ ಕಾವಡಿಗೆ ಬಗ್ಗಿಸಿದರು. ಬಗ್ಗಿಸಿದ ಮೇಲೆ ಯಾವುದು ಯಾರದ್ದು ಅಂತ ಹೇಳಲು ಮಲ್ಲರಸನಿಗೂ ಬರಲಿಲ್ಲ.

ಊರು ಹಸಿರಾಯಿತು. ಕುಂಬಳಬಳ್ಳಿ ಮಾಡು ಹತ್ತಿತು. ಹೀರೆ, ಬದನೆ, ದಂಟು ತಿಂದು ಮಿಕ್ಕಿತು. ಕೆಂಪಾಜಿ ತನ್ನ ನಿಂಬೆಗಿಡವನ್ನು ಊರಿಗೆ ಬಿಟ್ಟು, ತನಗೆ ಬೇಕಾದ ಒಬ್ಬ ಕುಂಬಾರನನ್ನು ಮದುವೆಯಾದಳು. ಮಲ್ಲರಸ ಬಾಗಿಲಿಗೆ ಬಂದಾಗ ಹೆಂಗಸರು "ನಿಮ್ಮ ಹೊಟ್ಟೆ ತಣ್ಣಗಿರಲಿ ಮಂತ್ರಿಗಳೇ" ಅನ್ನುತ್ತಿದ್ದರು. ಅಷ್ಟು ವರ್ಷ ಮಂತ್ರಿಯಾಗಿದ್ದಾಗ ಒಬ್ಬರೂ ಹಾಗೆ ಅಂದಿರಲಿಲ್ಲ. ಮೊದಲು ಅದು ಅವನಿಗೆ ಚುಚ್ಚುತ್ತಿತ್ತು. ಆಮೇಲೆ ಯಾರಾದರೂ ಹೇಳಲು ಮರೆತರೆ ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಲ್ಲುತ್ತಿದ್ದ.

ಶ್ರಾವಣದಲ್ಲಿ ರಾಣಿಯ ಗಿಡದ ಮೊದಲ ನಿಂಬೆ ಹಣ್ಣಾಯಿತು. ಅದನ್ನು ಬೆಳ್ಳಿ ಡಬ್ಬಿಯಲ್ಲಿ ಇಡಬೇಕು ಅಂತ ಆಸ್ಥಾನದವರು ಅಂದರು. ರಾಜ ಹಣ್ಣನ್ನು ಕಿತ್ತು ಮುದ್ದಾಜಿಯ ಕೈಗೆ ಕೊಟ್ಟ. "ನೀನು ಇಲ್ಲೇ ಉಳಿದೆಯಲ್ಲ, ನನಗೆ ಅಷ್ಟು ಸಾಕು. ಹಣ್ಣು ಏನು ಮಾಡ್ತೀಯೋ ಮಾಡು."

"ಇದರಲ್ಲಿ ಊರಿನ ಎಲ್ಲರ ಮನೆಯದ್ದೂ ಇದೆ" ಅಂದಳು ಅವಳು. "ಒಬ್ಬರೇ ತಿಂದರೆ ಜೀರ್ಣವಾಗಲ್ಲ."

ದೊಡ್ಡ ಕೊಪ್ಪರಿಗೆಯಲ್ಲಿ ನೀರು, ಬೆಲ್ಲ, ಏಲಕ್ಕಿ ಹಾಕಿ, ಆ ಒಂದು ನಿಂಬೆಹಣ್ಣನ್ನು ಹಿಂಡಿ ಪಾನಕ ಮಾಡಿದರು. ಊರೆಲ್ಲ ಬಂದು ಒಂದೊಂದು ಲೋಟ ಕುಡಿಯಿತು. ರಾಜನೇ ನಿಂತು ಬಡಿಸಿದ, ಪ್ರತಿಯೊಬ್ಬರಿಗೂ ಕೈಮುಗಿದ. ಕೊನೆಗೆ ಮಲ್ಲರಸ ಕಾವಡಿ ಇಳಿಸಿ, ಕೈ ತೊಳೆದುಕೊಂಡು ಬಂದ. ಮುದ್ದಾಜಿ ಅವನಿಗೂ ಲೋಟ ತುಂಬಿಸಿ ಕೊಟ್ಟಳು. ಅವನು ಕುಡಿದು, ಬಾಯಿ ಚಪ್ಪರಿಸಿ, "ಹುಳಿ ಸ್ವಲ್ಪ ಕಡಿಮೆ, ಅಮ್ಮಣ್ಣಿ" ಅಂದ.

"ಇರಲಿ ಕುಡಿ" ಅಂದ ರಾಜ. "ಗಟ್ಟಿ ಇದ್ದರೆ ಏನಾಗುತ್ತೆ ಅಂತ ನಿನಗೆ ಹೇಳಿಕೊಡಬೇಕೇ?"

ಆ ಕೊಪ್ಪರಿಗೆಯ ಪಾನಕ ನಮ್ಮವರೆಗೆ ಬರಲಿಲ್ಲ. ಕಥೆ ಮಾತ್ರ ಬಂತು, ನೀತಿಯನ್ನು ಬೆನ್ನಿಗೆ ಕಟ್ಟಿಕೊಂಡು. ಮಣ್ಣು ನಮಗೆ ಅನ್ನ ಕೊಡುತ್ತದೆ. ಅದರಲ್ಲಿ ನಮಗೆ ಬೇಡವಾದದ್ದನ್ನು ಮಣ್ಣು ಬೇಕು ಅನ್ನುತ್ತದೆ. ಕೊಡುವುದಕ್ಕೆ ನಾಚಬಾರದು, ಅದು ಉಪಕಾರ ನೆನೆಯುವ ಒಂದು ಬಗೆ. ಆದರೆ ಮರ್ಯಾದೆಯಾಗಲಿ, ಪ್ರೀತಿಯಾಗಲಿ, ಗೊಬ್ಬರವಾಗಲಿ ಗಟ್ಟಿಯಾಗಿ ಸುರಿದರೆ ಬೇರು ಸುಡುತ್ತದೆ. ಹದ ನೋಡಿ ಕೊಡಬೇಕು. ಹದ ಗೊತ್ತಿದ್ದೂ ಹೇಳದೆ ಇಟ್ಟುಕೊಂಡವನು ಒಂದಲ್ಲ ಒಂದು ದಿನ ಊರಿನವರ ಮಡಕೆ ಹೊರುತ್ತಾನೆ.